ರಸ್ತೆ ಯೋಜನೆಯಲ್ಲಿ ಪರಿಸರ ಪರಿಣಾಮ ಅಧ್ಯಯನ

ರಸ್ತೆ ಯೋಜನೆಯಲ್ಲಿ ಪರಿಸರ ಪರಿಣಾಮ ಅಧ್ಯಯನ ಎಂದರೆ ಹೊಸ ರಸ್ತೆಯನ್ನು ನಿರ್ಮಿಸುವ ಅಥವಾ ಇರುವ ರಸ್ತೆಯನ್ನು ವಿಸ್ತರಿಸುವ ಮೊದಲು, ಅದರಿಂದ ನೀರು, ಮಣ್ಣು, ಗಾಳಿ, ಕಾಡು, ವನ್ಯಜೀವಿ, ಕೃಷಿ ಮತ್ತು ಜನಜೀವನದ ಮೇಲೆ ಆಗಬಹುದಾದ ಪರಿಣಾಮಗಳನ್ನು ಗುರುತಿಸಿ, ಅವುಗಳನ್ನು ತಪ್ಪಿಸುವ ಅಥವಾ ತಗ್ಗಿಸುವ ದಾರಿಗಳನ್ನು ನಿರ್ಧರಿಸುವ ಪ್ರಕ್ರಿಯೆ. ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪವಾದ 'ಇಐಎ' ಎಂಬುದು ಕನ್ನಡದಲ್ಲಿಯೂ ಬಳಕೆಯಲ್ಲಿದೆ. ಭಾರತದಲ್ಲಿ ಈ ಪ್ರಕ್ರಿಯೆಯು ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಂತೆ ನಡೆಯುತ್ತದೆ. ಈ ಅಧಿಸೂಚನೆಯು ಹೊಸ ರಾಷ್ಟ್ರೀಯ ಹೆದ್ದಾರಿಗಳಿಗೂ ಹೊಸ ರಾಜ್ಯ ಹೆದ್ದಾರಿಗಳಿಗೂ ಅನ್ವಯಿಸುತ್ತದೆ. ಜಿಲ್ಲಾ ರಸ್ತೆಗಳು ಮತ್ತು ಗ್ರಾಮೀಣ ರಸ್ತೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆ ಮತ್ತು ಬಂಡೀಪುರ ಅರಣ್ಯದ ಮೂಲಕ ಸಾಗುವ ಹೆದ್ದಾರಿ ಈ ವಿಷಯದಲ್ಲಿ ಪ್ರಮುಖ ಪ್ರಕರಣಗಳಾಗಿವೆ. ಕೃಷ್ಣಾ ನದಿಯ ನೀರಾವರಿ ಪ್ರದೇಶವಾದ ಯಾದಗಿರಿ ಜಿಲ್ಲೆಯಲ್ಲಿ ಕೈಗೊಂಡ ಹೊಸ ಹೆದ್ದಾರಿ ಯೋಜನೆಯು ಬಯಲುಸೀಮೆಯ ರಸ್ತೆಗಳ ವಿಶಿಷ್ಟ ಸಮಸ್ಯೆಗಳನ್ನು ಅರಿಯಲು ಸಹಾಯಕವಾಗಿದೆ.

ಹಿನ್ನೆಲೆ

ದೊಡ್ಡ ಯೋಜನೆಗಳಿಗೆ ಮುನ್ನ ಪರಿಸರ ಅಧ್ಯಯನವನ್ನು ಕಡ್ಡಾಯಗೊಳಿಸಿದ ಮೊದಲ ಪ್ರಮುಖ ಕಾನೂನು ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. ಇದು 1970ರ ಜನವರಿ 1ರಂದು ಜಾರಿಗೆ ಬಂದಿತು. ಭಾರತದಲ್ಲಿ ಪರಿಸರ (ಸಂರಕ್ಷಣೆ) ಕಾಯ್ದೆ 1986ರಲ್ಲಿ ರೂಪುಗೊಂಡಿತು. ಅದರ ಅಡಿಯಲ್ಲಿ 1994ರ ಜನವರಿ 27ರಂದು ಮೊದಲ ಪರಿಸರ ಪರಿಣಾಮ ಅಧಿಸೂಚನೆ ಹೊರಬಿದ್ದಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯು ಅದರ ಸ್ಥಾನವನ್ನು ಪಡೆಯಿತು. ಇದಕ್ಕೂ ಮುನ್ನ, 1988ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಹೆದ್ದಾರಿ ಯೋಜನೆಗಳ ಪರಿಸರ ಪರಿಣಾಮ ಅಧ್ಯಯನಕ್ಕಾಗಿ 'ಐಆರ್‌ಸಿ 104' ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿತ್ತು.

ಅಣೆಕಟ್ಟು ಅಥವಾ ಕಾರ್ಖಾನೆಯ ಪರಿಣಾಮ ಬಹುಮಟ್ಟಿಗೆ ಒಂದು ಸ್ಥಳವನ್ನು ಕೇಂದ್ರವಾಗಿ ಹೊಂದಿರುತ್ತದೆ. ರಸ್ತೆಯು ಹಾಗಲ್ಲ. ರಸ್ತೆಯು ಆಕ್ರಮಿಸುವ ಭೂಮಿ ಕಿರಿದಾದರೂ ಅದರ ಉದ್ದವು ಹಲವು ಹಳ್ಳಗಳು, ಹೊಲಗಳು, ಕಾಡುಗಳು ಮತ್ತು ಊರುಗಳನ್ನು ದಾಟುತ್ತದೆ. ಆದ್ದರಿಂದ ರಸ್ತೆ, ರೈಲು ಮಾರ್ಗ, ಕಾಲುವೆ ಹಾಗೂ ವಿದ್ಯುತ್ ಮಾರ್ಗಗಳನ್ನು 'ರೇಖೀಯ ಯೋಜನೆಗಳು' ಎಂದು ಪ್ರತ್ಯೇಕವಾಗಿ ವರ್ಗೀಕರಿಸಲಾಗಿದೆ.

ಪರಿಣಾಮಗಳು

ನೀರಿನ ಹರಿವು: ಸುತ್ತಲಿನ ನೆಲಕ್ಕಿಂತ ಎತ್ತರದ ಏರಿಯ ಮೇಲೆ ನಿರ್ಮಿಸಿದ ರಸ್ತೆಯು ಮಳೆನೀರಿಗೆ ಒಡ್ಡಿನಂತೆ ಅಡ್ಡ ನಿಲ್ಲುತ್ತದೆ. ನೀರು ಹರಿದುಹೋಗಲು ಸಾಕಷ್ಟು ಮೋರಿಗಳೂ ಕಿರುಸೇತುವೆಗಳೂ ಇಲ್ಲದಿದ್ದರೆ ರಸ್ತೆಯ ಮೇಲ್ಭಾಗದ ಹೊಲಗಳಲ್ಲಿ ನೀರು ನಿಲ್ಲುತ್ತದೆ. ಕೆಳಭಾಗದ ಕೆರೆಗೆ ಬರಬೇಕಾದ ನೀರು ತಪ್ಪುತ್ತದೆ. ಹಲವು ಕಡೆ ಹರಡಿ ಹರಿಯುತ್ತಿದ್ದ ನೀರು ಒಂದೇ ಮೋರಿಯ ಮೂಲಕ ರಭಸದಿಂದ ನುಗ್ಗಿದಾಗ ಅದರ ಮುಂದಿನ ಹೊಲದಲ್ಲಿ ಕೊರಕಲು ಬೀಳುತ್ತದೆ.

ಮಣ್ಣು ಮತ್ತು ಕಲ್ಲು: ರಸ್ತೆಯ ಏರಿಗೆ ಬೇಕಾದ ಮಣ್ಣು ಮತ್ತು ಗರಸನ್ನು ಸಮೀಪದ ಜಮೀನು ಅಥವಾ ಗುಡ್ಡಗಳಿಂದಲೂ, ಜಲ್ಲಿಯನ್ನು ಕಲ್ಲುಗಣಿಗಳಿಂದಲೂ ತರಲಾಗುತ್ತದೆ. ಹೀಗಾಗಿ ರಸ್ತೆಯ ಪರಿಣಾಮವು ಅದರ ಅಂಚಿನಿಂದ ಹಲವು ಕಿಲೋಮೀಟರ್ ದೂರದ ಊರಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಗುಡ್ಡಗಾಡಿನಲ್ಲಿ ಇಳಿಜಾರನ್ನು ಕಡಿದಾಗಿ ಕತ್ತರಿಸಿದರೆ ಮಣ್ಣಿನ ಸ್ಥಿರತೆ ಕುಗ್ಗುತ್ತದೆ. 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಹಲವರು ಮೃತಪಟ್ಟ ನಂತರ, ಕರಾವಳಿ ಹೆದ್ದಾರಿಗಳಲ್ಲಿ ಗುಡ್ಡಗಳನ್ನು ಕತ್ತರಿಸುವ ವಿಧಾನವು ವ್ಯಾಪಕ ಚರ್ಚೆಗೆ ಒಳಗಾಯಿತು.

ಮರಗಳು ಮತ್ತು ವನ್ಯಜೀವಿ: ಹಳೆಯ ರಸ್ತೆಗಳನ್ನು ಅಗಲಗೊಳಿಸುವಾಗ ಮೊದಲು ನಾಶವಾಗುವುದು ಸಾಲುಮರಗಳು. ಕಾಡಿನ ನಡುವೆ ಹಾದುಹೋಗುವ ರಸ್ತೆಯು ಪ್ರಾಣಿಗಳ ನೆಲೆಯನ್ನು ತುಂಡರಿಸುತ್ತದೆ. ವಾಹನಗಳಿಗೆ ಸಿಕ್ಕು ಸಾಯುವ ಪ್ರಾಣಿಗಳ ಜೊತೆಗೆ, ಬೆಳಕು ಮತ್ತು ಸದ್ದಿಗೆ ಹೆದರಿ ರಸ್ತೆಯನ್ನು ದಾಟುವುದನ್ನೇ ಬಿಡುವ ಪ್ರಾಣಿಗಳೂ ಇರುತ್ತವೆ.

ಕೃಷಿ ಮತ್ತು ಜನಜೀವನ: ಪ್ರವೇಶ ನಿಯಂತ್ರಿತ ಹೆದ್ದಾರಿಗಳ ಎರಡೂ ಬದಿಯಲ್ಲಿ ಬೇಲಿ ಇರುತ್ತದೆ. ಒಬ್ಬ ರೈತನ ಜಮೀನು ಎರಡು ಭಾಗವಾದರೆ, ಎತ್ತಿನ ಬಂಡಿ ಅಥವಾ ಟ್ರ್ಯಾಕ್ಟರ್‌ನಲ್ಲಿ ಇನ್ನೊಂದು ಬದಿಗೆ ಹೋಗಲು ಹತ್ತಿರದ ಕೆಳಸೇತುವೆಯವರೆಗೆ ಸುತ್ತಿ ಬರಬೇಕಾಗುತ್ತದೆ. ಭೂಸ್ವಾಧೀನದ ಪರಿಹಾರವನ್ನು ಕಳೆದುಕೊಂಡ ಜಮೀನಿನ ಅಳತೆಯ ಮೇಲೆ ಲೆಕ್ಕ ಹಾಕಲಾಗುತ್ತದೆ. ಉಳಿದ ಜಮೀನಿನ ದಾರಿ ಮತ್ತು ನೀರಿನ ಸಂಪರ್ಕಕ್ಕೆ ಆಗುವ ತೊಂದರೆ ಈ ಅಳತೆಯಲ್ಲಿ ಸುಲಭವಾಗಿ ಕಾಣುವುದಿಲ್ಲ.

ಪರೋಕ್ಷ ಪರಿಣಾಮಗಳು: ಹೊಸ ರಸ್ತೆಯ ಇಕ್ಕೆಲಗಳಲ್ಲಿ ಡಾಬಾ, ಪೆಟ್ರೋಲ್ ಬಂಕ್, ಗೋದಾಮು ಹಾಗೂ ಬಡಾವಣೆಗಳು ತಲೆ ಎತ್ತುತ್ತವೆ. ಇವುಗಳ ಒಟ್ಟು ಪರಿಣಾಮವು ಕಾಲಕ್ರಮೇಣ ರಸ್ತೆಯ ಪರಿಣಾಮವನ್ನೂ ಮೀರಬಹುದು. ಇನ್ನೊಂದೆಡೆ, ಆಸ್ಪತ್ರೆ, ಶಾಲೆ ಮತ್ತು ಮಾರುಕಟ್ಟೆಯ ಸಂಪರ್ಕ, ಪ್ರಯಾಣದ ಸಮಯ ಮತ್ತು ಇಂಧನದ ಉಳಿತಾಯ ಇವು ರಸ್ತೆಯ ಪ್ರಯೋಜನಗಳು. ಅಧ್ಯಯನದಲ್ಲಿ ಇವೆರಡನ್ನೂ ಒಟ್ಟಿಗೆ ತೂಗಿ ನೋಡಬೇಕಾಗುತ್ತದೆ.

ಅಧ್ಯಯನದ ಕ್ರಮ

2006ರ ಅಧಿಸೂಚನೆಯು ನಾಲ್ಕು ಹಂತಗಳನ್ನು ಸೂಚಿಸುತ್ತದೆ.

1. ಪರಿಶೀಲನೆ: ಎರಡನೇ ಪ್ರವರ್ಗದ ಯೋಜನೆಗೆ ವಿವರವಾದ ಅಧ್ಯಯನ ಬೇಕೇ ಎಂಬುದರ ನಿರ್ಧಾರ.
2. ವ್ಯಾಪ್ತಿ ನಿರ್ಣಯ: ಯಾವ ಅಂಶಗಳನ್ನು ಅಧ್ಯಯನ ಮಾಡಬೇಕೆಂದು ತಜ್ಞರ ಸಮಿತಿಯು ಪರಿಶೀಲನಾ ಅಂಶಗಳನ್ನು ನಿಗದಿಪಡಿಸುವುದು.
3. ಸಾರ್ವಜನಿಕ ಸಮಾಲೋಚನೆ: ಕರಡು ವರದಿಯನ್ನು ಪ್ರಕಟಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮೂಲಕ ಪರಿಸರ ಸಾರ್ವಜನಿಕ ಆಲಿಕೆ ಸಭೆ ನಡೆಸುವುದು. ಸಭೆಗೆ ಕನಿಷ್ಠ 30 ದಿನ ಮುಂಚಿತವಾಗಿ ಸೂಚನೆ ನೀಡಬೇಕು. ಜಿಲ್ಲಾಧಿಕಾರಿ ಅಥವಾ ಅವರು ಸೂಚಿಸಿದ, ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ಹುದ್ದೆಯವರಲ್ಲದ ಅಧಿಕಾರಿ ಸಭೆಯ ಮೇಲ್ವಿಚಾರಣೆ ನಡೆಸುತ್ತಾರೆ.
4. ಮೌಲ್ಯನಿರ್ಣಯ: ಅಂತಿಮ ವರದಿ ಮತ್ತು ಸಭೆಯ ನಡಾವಳಿಯನ್ನು ಪರಿಶೀಲಿಸಿ, ಪರಿಸರ ಅನುಮತಿ ನೀಡುವ ಅಥವಾ ನಿರಾಕರಿಸುವ ಶಿಫಾರಸು ಮಾಡುವುದು.

ಅಧ್ಯಯನದಲ್ಲಿ ಸೂಚಿಸುವ ಕ್ರಮಗಳಿಗೆ ಒಂದು ಆದ್ಯತಾ ಕ್ರಮವಿದೆ. ಮೊದಲನೆಯದು ಹಾನಿಯನ್ನು ತಪ್ಪಿಸುವುದು, ತಪ್ಪಿಸಲಾಗದಿದ್ದರೆ ತಗ್ಗಿಸುವುದು, ಕಾಮಗಾರಿಯಿಂದ ಹಾಳಾದುದನ್ನು ಮರಳಿ ಸರಿಪಡಿಸುವುದು, ಕೊನೆಯದಾಗಿ, ಉಳಿದ ಹಾನಿಯನ್ನು ಬೇರೆಡೆ ಸರಿದೂಗಿಸುವುದು. ಕೆರೆಯ ಜಲಾನಯನ ಪ್ರದೇಶವನ್ನು ಬಿಟ್ಟು ರಸ್ತೆಯ ಪಥವನ್ನು ಬದಲಿಸುವುದು ಮೊದಲನೆಯದಕ್ಕೂ, ಕಡಿದ ಮರಗಳಿಗೆ ಬದಲಾಗಿ ಬೇರೊಂದು ಸ್ಥಳದಲ್ಲಿ ಸಸಿ ನೆಡುವುದು ಕೊನೆಯದಕ್ಕೂ ಉದಾಹರಣೆಗಳು.

ಈ ಕ್ರಮದಲ್ಲಿ ರಸ್ತೆಯ ಪಥವನ್ನು ನಿರ್ಧರಿಸುವ ಘಟ್ಟವು ನಿರ್ಣಾಯಕವಾದುದು. ನಕ್ಷೆಯ ಮೇಲೆ ಎರಡು ಮೂರು ಪರ್ಯಾಯ ಪಥಗಳು ಇರುವಾಗ ಬದಲಾವಣೆಗೆ ತಗಲುವ ವೆಚ್ಚ ಅಲ್ಪ. ವಿಸ್ತೃತ ಯೋಜನಾ ವರದಿ ಸಿದ್ಧವಾಗಿ, ಭೂಸ್ವಾಧೀನದ ಅಧಿಸೂಚನೆಯೂ ಹೊರಬಿದ್ದ ಬಳಿಕ ಪಥವನ್ನು ಬದಲಿಸುವುದು ಕಷ್ಟ. ಆಗ ಅಧ್ಯಯನದ ಪಾಲಿಗೆ ಮೋರಿಯ ಅಗಲ, ಸಸಿಗಳ ಸಂಖ್ಯೆ, ಶಬ್ದತಡೆ ಗೋಡೆ ಮುಂತಾದವು ಮಾತ್ರ ಉಳಿಯುತ್ತವೆ.

ಕಾನೂನು ಚೌಕಟ್ಟು

ಹೊಸ ರಾಷ್ಟ್ರೀಯ ಹೆದ್ದಾರಿಗಳು ಅಧಿಸೂಚನೆಯ 'ಎ' ಪ್ರವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನೀಡುತ್ತದೆ. ಹೊಸ ರಾಜ್ಯ ಹೆದ್ದಾರಿಗಳು ಹಾಗೂ ಸಮುದ್ರಮಟ್ಟದಿಂದ 1,000 ಮೀಟರ್‌ಗಿಂತ ಎತ್ತರದ ಗುಡ್ಡಗಾಡಿನಲ್ಲಿ ಅಥವಾ ಪರಿಸರಸೂಕ್ಷ್ಮ ಪ್ರದೇಶಗಳಲ್ಲಿ ಕೈಗೊಳ್ಳುವ ರಾಜ್ಯ ಹೆದ್ದಾರಿ ವಿಸ್ತರಣೆಗಳು 'ಬಿ' ಪ್ರವರ್ಗಕ್ಕೆ ಸೇರುತ್ತವೆ. ಇವುಗಳನ್ನು ರಾಜ್ಯ ಮಟ್ಟದ ಪರಿಸರ ಪರಿಣಾಮ ಅಧ್ಯಯನ ಪ್ರಾಧಿಕಾರ ಪರಿಶೀಲಿಸುತ್ತದೆ. 2013ರ ತಿದ್ದುಪಡಿಯಂತೆ, 100 ಕಿ.ಮೀ.ಗಿಂತ ಹೆಚ್ಚು ಉದ್ದವಿದ್ದು, ಇರುವ ಪಥದಲ್ಲಿ 40 ಮೀಟರ್ ಹಾಗೂ ಬೈಪಾಸ್ ಅಥವಾ ಬದಲಿ ಪಥದಲ್ಲಿ 60 ಮೀಟರ್ ಮೀರಿ ಹೆಚ್ಚುವರಿ ಭೂಮಿ ಬೇಕಾಗುವ ರಾಷ್ಟ್ರೀಯ ಹೆದ್ದಾರಿ ವಿಸ್ತರಣೆಗೆ ಮಾತ್ರ ಪರಿಸರ ಅನುಮತಿ ಬೇಕು.

ಇದಲ್ಲದೆ ಅರಣ್ಯ ಭೂಮಿಯ ಬಳಕೆಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ರಸ್ತೆಬದಿಯ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯವಾಗುತ್ತವೆ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯವೂ ಅದರಾಚೆ 200 ಮೀಟರ್ ನಿಯಂತ್ರಿತ ವಲಯವೂ ಇರುತ್ತವೆ. ಪರಿಸರ ಅನುಮತಿಯನ್ನು ಪ್ರಶ್ನಿಸಲು 2010ರ ಕಾಯ್ದೆಯಡಿ ಸ್ಥಾಪನೆಯಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ಗ್ರಾಮೀಣ ರಸ್ತೆಗಳಿಗೆ ಪರಿಸರ ಅನುಮತಿಯ ಅಗತ್ಯವಿಲ್ಲ. ಆದರೆ 2000ರ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮಾರ್ಗಸೂಚಿಯು, ಯೋಜನಾ ವರದಿ ತಯಾರಿಸುವಾಗ ಎಂಜಿನಿಯರ್, ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳು, ಕಂದಾಯ ಮತ್ತು ಅರಣ್ಯ ಇಲಾಖೆಯ ಸಿಬ್ಬಂದಿ ಹಾಗೂ ಸ್ಥಳೀಯರು ಉದ್ದೇಶಿತ ಪಥದುದ್ದಕ್ಕೂ ಒಟ್ಟಿಗೆ ನಡೆದು ಪರಿಶೀಲಿಸಬೇಕೆಂದು ಸೂಚಿಸುತ್ತದೆ. ಮಳೆಗಾಲದಲ್ಲಿ ಹಳ್ಳವು ಎಲ್ಲಿಯವರೆಗೆ ಉಕ್ಕುತ್ತದೆ, ಯಾರ ಹೊಲದ ದಾರಿ ಎಲ್ಲಿದೆ, ಯಾವ ಮರವನ್ನು ಉಳಿಸಬಹುದು ಎಂಬ ವಿಷಯಗಳನ್ನು ಈ ನಡಿಗೆಯಲ್ಲಿ ಸ್ಥಳದಲ್ಲಿಯೇ ತಿಳಿಯಬಹುದು.

ಕರ್ನಾಟಕದ ಪ್ರಕರಣಗಳು

ಬೆಂಗಳೂರು ಪೆರಿಫೆರಲ್ ವರ್ತುಲ ರಸ್ತೆ

ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಸುಮಾರು 65 ಕಿ.ಮೀ. ಉದ್ದದ ಈ ರಸ್ತೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಯೋಜಿಸಿತು. ಅಧ್ಯಯನದ ಪರಿಶೀಲನಾ ಅಂಶಗಳು 2009ರ ನವೆಂಬರ್‌ನಲ್ಲಿ ನಿಗದಿಯಾದವು. ಪರಿಸರ ಅನುಮತಿ 2014ರ ನವೆಂಬರ್ 20ರಂದು ದೊರೆಯಿತು. ಈ ಅನುಮತಿಯನ್ನು ಪ್ರಶ್ನಿಸಲಾಯಿತು. 2019ರಲ್ಲಿ ಹಸಿರು ನ್ಯಾಯಮಂಡಳಿಯು ಹೊಸದಾಗಿ ಅಧ್ಯಯನ ನಡೆಸುವಂತೆ ಆದೇಶಿಸಿತು. ಪ್ರಕರಣವು ಸುಪ್ರೀಂ ಕೋರ್ಟ್‌ಗೆ ಹೋಯಿತು.

2020ರ ಮಾರ್ಚ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವರದಿಯ ನ್ಯೂನತೆಗಳನ್ನು ವಿವರವಾಗಿ ಚರ್ಚಿಸಿತು. ಮೂಲ ಮಾಹಿತಿಯು ಅನುಮತಿ ನೀಡುವ ಹೊತ್ತಿಗೆ ಹಳೆಯದಾಗಿತ್ತು. ಕಡಿಯಬೇಕಾದ ಮರಗಳ ಸಂಖ್ಯೆಯು ಮೊದಲು ನೂರರ ಲೆಕ್ಕದಲ್ಲಿದ್ದು, ನಂತರ 16,000ವನ್ನು ಮೀರಿತ್ತು. ಅರಣ್ಯ ಭೂಮಿ ಹಾಗೂ ಅನಿಲ ಕೊಳವೆ ಮಾರ್ಗದ ವಿಷಯದಲ್ಲಿಯೂ ಮಾಹಿತಿ ಅಸಮರ್ಪಕವಾಗಿತ್ತು. ಹೊಸ ಅಧ್ಯಯನ ನಡೆಸಬೇಕೆಂದು ನ್ಯಾಯಾಲಯ ನಿರ್ದೇಶಿಸಿತು. ರಸ್ತೆಯು ಬೇಕೇ ಬೇಡವೇ ಎಂಬುದಕ್ಕಿಂತ, ನಿರ್ಧಾರಕ್ಕೆ ಆಧಾರವಾದ ಮಾಹಿತಿ ನಂಬಲರ್ಹವೇ ಎಂಬುದು ಈ ಪ್ರಕರಣದ ಮುಖ್ಯ ಪ್ರಶ್ನೆಯಾಗಿತ್ತು.

ಬಂಡೀಪುರ ಹೆದ್ದಾರಿ

ಗುಂಡ್ಲುಪೇಟೆಯಿಂದ ಕೇರಳದ ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 (ಹಿಂದಿನ 212) ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಹಾದುಹೋಗುತ್ತದೆ. ವಾಹನಗಳಿಗೆ ಸಿಕ್ಕು ವನ್ಯಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಿದರು. ಆದೇಶವು ಕೆಲವೇ ದಿನಗಳಲ್ಲಿ ಹಿಂತೆಗೆಯಲ್ಪಟ್ಟಿತಾದರೂ ಹೈಕೋರ್ಟ್ ಅದನ್ನು ಮತ್ತೆ ಜಾರಿಗೊಳಿಸಿ, 2010ರ ಮಾರ್ಚ್‌ನಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಕೇರಳ ಸರ್ಕಾರವು ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಿತು. ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವು ರಾತ್ರಿ ಸಂಚಾರಕ್ಕೆ ಪರ್ಯಾಯವಾಯಿತು. ವಯನಾಡಿನ ಜನರಿಗೆ ಈ ಸುತ್ತು ದಾರಿಯು ದೀರ್ಘಕಾಲದ ಅಸಮಾಧಾನಕ್ಕೆ ಕಾರಣವಾಗಿದೆ. 2018ರಲ್ಲಿ ಅರಣ್ಯದೊಳಗೆ ಎತ್ತರಿಸಿದ ರಸ್ತೆ ನಿರ್ಮಿಸುವ ಪ್ರಸ್ತಾಪವೂ ಚರ್ಚೆಗೆ ಬಂದಿತು. ಕಾಡಿನ ಮೂಲಕ ಒಮ್ಮೆ ನೆಲೆಗೊಂಡ ರಸ್ತೆಯನ್ನು ಸ್ಥಳಾಂತರಿಸುವುದು ಕಷ್ಟವಾದುದರಿಂದ, ಇಲ್ಲಿ ಬಳಕೆಯ ಸಮಯವನ್ನು ನಿಯಂತ್ರಿಸುವ ಮಾರ್ಗವನ್ನು ಅನುಸರಿಸಲಾಗಿದೆ.

ಹುಲಿಕಲ್–ಕುದೂರು ಸಾಲುಮರಗಳು

ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರು ನಡುವೆ ಸಾಲುಮರದ ತಿಮ್ಮಕ್ಕ ಅವರು ಪತಿಯೊಡನೆ ನೆಟ್ಟು ಬೆಳೆಸಿದ 385 ಆಲದ ಮರಗಳಿವೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ವಿಸ್ತರಣೆಗೆ ಈ ಮರಗಳು ಬಲಿಯಾಗುವ ಭೀತಿ ಉಂಟಾದಾಗ, ತಿಮ್ಮಕ್ಕ ಅವರು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಮರಗಳನ್ನು ಉಳಿಸಲು ಪರ್ಯಾಯ ಮಾರ್ಗವನ್ನು ಪರಿಶೀಲಿಸುವುದಾಗಿ ಸರ್ಕಾರ ತಿಳಿಸಿತು.

ಯಾದಗಿರಿ ಜಿಲ್ಲೆ ಮತ್ತು ವನದುರ್ಗ ಪರಿಸರ

ಮೇಲಿನ ಪ್ರಕರಣಗಳು ಮಹಾನಗರ, ಅಭಯಾರಣ್ಯ ಅಥವಾ ಪ್ರಸಿದ್ಧ ಸಾಲುಮರಗಳಿಗೆ ಸಂಬಂಧಿಸಿದವು. ದಟ್ಟ ಕಾಡಿಲ್ಲದ ಬಯಲುಸೀಮೆಯಲ್ಲಿ ಪರಿಣಾಮದ ಸ್ವರೂಪ ಬೇರೆ. ಸುರಪುರ ನಾಯಕರ ಕಾಲದ ಕೋಟೆಯಿರುವ ವನದುರ್ಗ ಗ್ರಾಮವು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿದೆ. ಶಹಾಪುರ ಮತ್ತು ಸುರಪುರ ಸೀಮೆಯು ಕಪ್ಪು ಎರೆಭೂಮಿ, ಬಂಡೆಗಲ್ಲಿನ ಗುಡ್ಡಗಳು ಹಾಗೂ ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿಗೆ ಹೆಸರಾಗಿದೆ. ಭತ್ತ, ಹತ್ತಿ, ತೊಗರಿ ಮತ್ತು ಜೋಳ ಇಲ್ಲಿಯ ಪ್ರಮುಖ ಬೆಳೆಗಳು.

2023ರ ಜನವರಿ 19ರಂದು ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಮಂತ್ರಿಗಳು ಎರಡು ಭಿನ್ನ ಯೋಜನೆಗಳಿಗೆ ಒಂದೇ ವೇದಿಕೆಯಲ್ಲಿ ಚಾಲನೆ ನೀಡಿದರು. ಒಂದು, ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಯೋಜನೆಯ ಉದ್ಘಾಟನೆ. ಇದರ ಕಾಲುವೆ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು ಪ್ರದೇಶ 4.5 ಲಕ್ಷ ಹೆಕ್ಟೇರ್. ಇನ್ನೊಂದು, ಸೂರತ್–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಭಾಗವಾದ ರಾಷ್ಟ್ರೀಯ ಹೆದ್ದಾರಿ 150ಸಿಯ 65.5 ಕಿ.ಮೀ. ಉದ್ದದ ಆರು ಪಥಗಳ ಹೊಸ ರಸ್ತೆಗೆ ಶಂಕುಸ್ಥಾಪನೆ. ಈ ಎಕ್ಸ್‌ಪ್ರೆಸ್‌ವೇಯಿಂದ ಸೂರತ್ ಮತ್ತು ಚೆನ್ನೈ ನಡುವಿನ ಅಂತರವು ಸುಮಾರು 1,600 ಕಿ.ಮೀ.ಯಿಂದ 1,270 ಕಿ.ಮೀ.ಗೆ ಇಳಿಯುವ ನಿರೀಕ್ಷೆಯಿದೆ.

ಹೊಲ ಹೊಲಕ್ಕೆ ಕವಲೊಡೆದು ನೀರುಣಿಸುವ ಕಾಲುವೆಯ ಜಾಲ ಒಂದೆಡೆ, ಅದೇ ಸೀಮೆಯನ್ನು ನೇರವಾಗಿ ಸೀಳಿ ಸಾಗುವ ಬೇಲಿಯುಳ್ಳ ರಸ್ತೆ ಇನ್ನೊಂದೆಡೆ ಇರುವಾಗ, ಯೋಜಕರು ಗಮನಿಸಬೇಕಾದ ಅಂಶಗಳು ಹೀಗಿವೆ:

ಹೊಲಗಾಲುವೆ ಮತ್ತು ಬಸಿಗಾಲುವೆ: ಅಚ್ಚುಕಟ್ಟಿನಲ್ಲಿ ನೀರು ತರುವ ಹೊಲಗಾಲುವೆಯಷ್ಟೇ ಹೆಚ್ಚಾದ ನೀರನ್ನು ಹೊರಹಾಕುವ ಬಸಿಗಾಲುವೆಯೂ ಮುಖ್ಯ. ಹೊಲಗಾಲುವೆ ಕಡಿದುಹೋದರೆ ಬೆಳೆ ಒಣಗುವುದು ಕೂಡಲೇ ಕಣ್ಣಿಗೆ ಬೀಳುತ್ತದೆ. ಬಸಿಗಾಲುವೆ ಮುಚ್ಚಿಹೋದರೆ ಅದರ ಪರಿಣಾಮ ನಿಧಾನವಾಗಿ, ಕೆಲವು ವರ್ಷಗಳ ನಂತರ, ಸವಳು–ಜವಳು ಭೂಮಿಯ ರೂಪದಲ್ಲಿ ಪ್ರಕಟವಾಗುತ್ತದೆ. ಕಂದಾಯ ನಕ್ಷೆಯಲ್ಲಿ ಸಣ್ಣ ಹೊಲಗಾಲುವೆಗಳು ದಾಖಲಾಗದೇ ಇರಬಹುದಾದ್ದರಿಂದ ಸ್ಥಳ ಪರಿಶೀಲನೆ ಅಗತ್ಯ.

ಎರೆಮಣ್ಣು: ಎರೆಮಣ್ಣು ತೇವವಾದಾಗ ಉಬ್ಬುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ರಸ್ತೆಯ ತಳಪಾಯಕ್ಕೆ ಇದು ಯೋಗ್ಯವಲ್ಲದ ಕಾರಣ ಅದನ್ನು ಸುಣ್ಣ ಮುಂತಾದವುಗಳಿಂದ ಸ್ಥಿರಗೊಳಿಸಬೇಕು, ಇಲ್ಲವೇ ಗರಸನ್ನು ಬೇರೆಡೆಯಿಂದ ತರಬೇಕು. ಎರಡನೆಯ ಮಾರ್ಗವನ್ನು ಅನುಸರಿಸಿದಾಗ ಗುಡ್ಡಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಶಹಾಪುರದ ಬಳಿ ಮಲಗಿರುವ ಬುದ್ಧನ ಆಕೃತಿಯಂತೆ ಕಾಣುವ ಬೆಟ್ಟಗಳ ಸಾಲು ಈ ಭಾಗದ ಗುರುತಾಗಿದೆ.

ನದಿ ಮತ್ತು ಹಳ್ಳಗಳ ಪ್ರವಾಹ: ಕೃಷ್ಣಾ ಮತ್ತು ಭೀಮಾ ನದಿಗಳು ಜಿಲ್ಲೆಯಲ್ಲಿ ಹರಿಯುತ್ತವೆ. 2009 ಮತ್ತು 2019ರಲ್ಲಿ ಉತ್ತರ ಕರ್ನಾಟಕವು ಭಾರಿ ಪ್ರವಾಹಗಳನ್ನು ಕಂಡಿದೆ. ಸೇತುವೆ ಮತ್ತು ಮೋರಿಗಳ ಅಗಲವನ್ನು ಸಾಮಾನ್ಯ ಮಳೆಗಾಲದ ಹರಿವಿನ ಮೇಲೆ ನಿರ್ಧರಿಸದೆ ಇಂತಹ ಪ್ರವಾಹಗಳನ್ನು ಗಣನೆಗೆ ತೆಗೆದುಕೊಂಡು ನಿರ್ಧರಿಸಬೇಕಾಗುತ್ತದೆ.

ಕೆರೆಗಳು ಮತ್ತು ಹಕ್ಕಿಗಳು: ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಇಂತಹ ಕೆರೆಗಳ ಸಂರಕ್ಷಣೆಯಲ್ಲಿ ಕೆರೆಯಂಗಳದ ಜೊತೆಗೆ ಅದಕ್ಕೆ ನೀರು ತರುವ ಹಳ್ಳಗಳೂ ಸೇರಬೇಕು.

ಈ ಅಂಶಗಳಲ್ಲಿ ಬಹುತೇಕವು ವನದುರ್ಗದಂತಹ ಊರುಗಳ ಸಣ್ಣ ಸಂಪರ್ಕ ರಸ್ತೆಗಳಿಗೂ ಅನ್ವಯಿಸುತ್ತವೆ. ಹೆದ್ದಾರಿಗೆ ಕಾನೂನಿನ ಪ್ರಕಾರ ಅಧ್ಯಯನವೂ ಆಲಿಕೆ ಸಭೆಯೂ ಇರುತ್ತವೆ. ಸಂಪರ್ಕ ರಸ್ತೆಗೆ ಅವು ಇಲ್ಲದ ಕಾರಣ ಗ್ರಾಮ ಪಂಚಾಯಿತಿ ಮತ್ತು ರೈತರ ಸ್ಥಳೀಯ ತಿಳಿವಳಿಕೆಯೇ ಮುಖ್ಯ ಆಧಾರವಾಗುತ್ತದೆ.

ಹಾನಿ ತಗ್ಗಿಸುವ ವಿಧಾನಗಳು

ಕಾಡಿನ ರಸ್ತೆಗಳಲ್ಲಿ ಪ್ರಾಣಿಗಳ ಸಂಚಾರಕ್ಕೆ ಕೆಳಸೇತುವೆ ಹಾಗೂ ಮೇಲ್ಸೇತುವೆಗಳನ್ನು ನಿರ್ಮಿಸಲಾಗುತ್ತದೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಮೇಲ್ಸೇತುವೆಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಭಾರತದಲ್ಲಿ ಪೆಂಚ್ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 44ರ ಮಹಾರಾಷ್ಟ್ರ ಭಾಗದಲ್ಲಿ ಇಂತಹ ಒಂಬತ್ತು ರಚನೆಗಳಿವೆ. ಹುಲಿಯೂ ಸೇರಿದಂತೆ ಹಲವು ಪ್ರಾಣಿಗಳು ಇವುಗಳನ್ನು ಬಳಸುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ.

ಕೃಷಿ ಪ್ರದೇಶಗಳಲ್ಲಿ ಬಂಡಿ ಮತ್ತು ಟ್ರ್ಯಾಕ್ಟರ್ ಸಾಗುವಷ್ಟು ಎತ್ತರದ ಕೆಳಸೇತುವೆಗಳು, ಹೆದ್ದಾರಿಗೆ ಸಮಾನಾಂತರವಾದ ಸೇವಾ ರಸ್ತೆಗಳು, ಹೊಲಗಾಲುವೆಗಳಿಗೆ ಅಡ್ಡಮೋರಿಗಳು, ಏರಿಯ ಇಳಿಜಾರಿನಲ್ಲಿ ಹುಲ್ಲು ಬೆಳೆಸುವುದು ಹಾಗೂ ಮಣ್ಣು ತೆಗೆದ ಗುಂಡಿಗಳನ್ನು ಕೃಷಿಹೊಂಡಗಳಾಗಿ ರೂಪಿಸುವುದು ಬಳಕೆಯಲ್ಲಿರುವ ಕ್ರಮಗಳು. ಕಾಮಗಾರಿ ಮುಗಿದ ಬಳಿಕವೂ ಮೋರಿಗಳ ಹೂಳು ತೆಗೆಯದಿದ್ದರೆ ಇವುಗಳ ಪ್ರಯೋಜನ ಉಳಿಯುವುದಿಲ್ಲ.

ಟೀಕೆಗಳು

ಅಧ್ಯಯನ ನಡೆಸುವ ಸಲಹಾ ಸಂಸ್ಥೆಯನ್ನು ಯೋಜನೆಯ ಪ್ರವರ್ತಕರೇ ನೇಮಿಸಿ ಶುಲ್ಕ ನೀಡುವುದರಿಂದ ವರದಿಯ ನಿಷ್ಪಕ್ಷಪಾತತೆಯ ಬಗ್ಗೆ ಪ್ರಶ್ನೆಗಳಿವೆ. ಉದ್ದದ ಹೆದ್ದಾರಿಯನ್ನು 100 ಕಿ.ಮೀ.ಗಿಂತ ಕಡಿಮೆಯ ತುಂಡುಗಳಾಗಿ ವಿಂಗಡಿಸಿ ಅಧ್ಯಯನದಿಂದ ತಪ್ಪಿಸಿಕೊಳ್ಳಲಾಗುತ್ತದೆ ಎಂಬುದು ಇನ್ನೊಂದು ಟೀಕೆ. ಉತ್ತರಾಖಂಡದ ಚಾರ್‌ಧಾಮ್ ಹೆದ್ದಾರಿ ಯೋಜನೆಯನ್ನು 53 ಕಾಮಗಾರಿಗಳಾಗಿ ವಿಂಗಡಿಸಿದಾಗ ಈ ಆಕ್ಷೇಪ ಪ್ರಬಲವಾಗಿ ಕೇಳಿಬಂದಿತು. ತಮಿಳುನಾಡಿನ ಹೆದ್ದಾರಿಯೊಂದರ ಪ್ರಕರಣದಲ್ಲಿ 2021ರ ಜನವರಿಯಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಹೀಗೆ ವಿಂಗಡಿಸುವುದು ಯಾವ ಸಂದರ್ಭದಲ್ಲಿ ಸರಿ ಎಂಬುದನ್ನು ತಜ್ಞರ ಸಮಿತಿಯಿಂದ ಪರಿಶೀಲಿಸುವಂತೆ ಸೂಚಿಸಿತು.

ಹೆಚ್ಚುವರಿ ಭೂಸ್ವಾಧೀನವಿಲ್ಲದ ರಸ್ತೆ ವಿಸ್ತರಣೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಇರುವುದೂ ಟೀಕೆಗೆ ಗುರಿಯಾಗಿದೆ. ಇದಕ್ಕೆ ಪ್ರತಿಯಾಗಿ, ಅನುಮತಿಗಳ ವಿಳಂಬದಿಂದ ಯೋಜನಾ ವೆಚ್ಚ ಹೆಚ್ಚುತ್ತದೆ, ಹಿಂದುಳಿದ ಜಿಲ್ಲೆಗಳು ಸಂಪರ್ಕದಿಂದ ಇನ್ನಷ್ಟು ಕಾಲ ವಂಚಿತವಾಗುತ್ತವೆ ಎಂಬ ವಾದವೂ ಇದೆ. ಪಥವು ಅಂತಿಮಗೊಳ್ಳುವ ಮೊದಲೇ ಅಧ್ಯಯನ ಮತ್ತು ಸ್ಥಳೀಯರ ಸಮಾಲೋಚನೆಯನ್ನು ಆರಂಭಿಸಿದರೆ, ನಂತರದ ವ್ಯಾಜ್ಯ ಮತ್ತು ವಿಳಂಬಗಳನ್ನು ಬಹುಮಟ್ಟಿಗೆ ತಗ್ಗಿಸಬಹುದು. ಪೆರಿಫೆರಲ್ ವರ್ತುಲ ರಸ್ತೆಯ ಅನುಭವವು ಇದನ್ನೇ ಸೂಚಿಸುತ್ತದೆ.

ಇವನ್ನೂ ನೋಡಿ

ಯಾದಗಿರಿ ಜಿಲ್ಲೆ
ಶಹಾಪುರ
ಬೋನಾಳ ಪಕ್ಷಿಧಾಮ
ನಾರಾಯಣಪುರ ಅಣೆಕಟ್ಟು
ಬಂಡೀಪುರ ರಾಷ್ಟ್ರೀಯ ಉದ್ಯಾನ
ಸಾಲುಮರದ ತಿಮ್ಮಕ್ಕ
ರಾಷ್ಟ್ರೀಯ ಹಸಿರು ನ್ಯಾಯಮಂಡಳಿ